ನಾಳಿ ಹಲ್ಲು ತಗಸಬ್ಯಾಡ್ರಿ

ತಂಗೀ, ನಿನ್ನ ಮೆಸೇಜ್ ಈಗ ಕೇಳಿದೆ. ಉಳಿದದ್ದು ಆಮ್ಯಾಲ ಕೇಳು, ಮೊದಲು ಆ ಹಲ್ಲಿನ ಡಾಕ್ಟರಿಗಿ ಫೋನ್ ಹಚ್ಚಿ ನಾಳಿ ಬರಂಗಿಲ್ಲ ಅಂತ ಹೇಳು. ನಿಮ್ಮ ಮನಿಯವರ ಹಲ್ಲು ನಾಳಿ ತಗಸಬ್ಯಾಡ್ರಿ. ಕ್ಯಾನ್ಸರಿಗಿ ಕರೆಂಟ್, ಅಂದ್ರ ರೇಡಿಯೇಶನ್, ಕೊಟ್ಟು 4 ವರ್ಷ ಆಯ್ತು, ಈಗ ಅದಕ್ಕೂ ಹಲ್ಲಿಗೂ ಏನು ಸಂಬಂಧ ಅಂದಿ ನೀ. ಭಾಳ ಸಂಬಂಧ ಅದ. ನಾ ಅನುಭವಿಸೀನಿ.

ನಡುನಡುವ ನೀರು ಕುಡೀತೀನಿ, ಧ್ವನಿ ನಿಂತ್ರ ಮುಗೀತು ಅಂತ ತಿಳಿಬ್ಯಾಡ್ರಿ. ನನ್ನ ಬಾಯಾಗ ಜೊಲ್ಲು ಬರಂಗಿಲ್ಲ.

ನನಗ 2017ರಾಗ ಎಡಗಲ್ಲಕ್ಕ ಕ್ಯಾನ್ಸರ್ ಆಗಿದ್ದು ನಿಮಗೆಲ್ಲ ಗೊತ್ತದ. ಇಲ್ಲೇ ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ದವಾಖಾನ್ಯಾಗ 33 ಸಲ ಕರೆಂಟ್ ಕೊಟ್ರು, ವಾರಕ್ಕ 5 ದಿನ. ಮುಗದ ದಿನ ಶರಣಬಸಪ್ಪನ ಗುಡಿಗಿ ಹೋಗಿ ಕಾಯಿ ಒಡಿಸಿದ್ವಿ. ಆದ್ರ 2020ರಾಗ ಕೆಳಗಿನ ಹಲ್ಲು ಹುಳುಕು ಹತ್ತಿ ನೋಯಲತ್ತಿತು. ಮನಿ ಹತ್ರ ಒಬ್ಬ ಹಲ್ಲಿನ ಡಾಕ್ಟರ್ ಕಡಿ ಹೋದೆ. ಕರೆಂಟ್ ಕೊಟ್ಟಿದ್ದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ನಿಮಿಷದಾಗ ಕಿತ್ತರು. ಆ ಗಾಯ ಮಾಯಲೇ ಇಲ್ಲ. ಒಂದು ತಿಂಗಳು, ಎರಡು, ಮೂರು. ನಾಲಿಗಿ ಆಡಿಸಿದ್ರ ಚೂಪನ್ನ ಎಲುಬು ಹತ್ತತಿತ್ತು. ಕೀವು, ವಾಸನಿ. ಮೊಮ್ಮಗನ್ನ ಹತ್ರ ಕರ್ಕೊಳ್ಳಲಿಕ್ಕೂ ನನಗ ಮನಸ್ಸಾಗತಿರಲಿಲ್ಲ.

ಕರೆಂಟ್ ಕೊಟ್ಟ ಡಾಕ್ಟರ್ ಆಗ ಬಿಡಿಸಿ ಹೇಳಿದ್ರು. ಆ ಕಿರಣ ಗಡ್ಡಿ ಸುಡೋ ಮುಂದ ಸುತ್ತಲಿನ ಸಣ್ಣ ಸಣ್ಣ ರಕ್ತನಾಳಾನೂ ಕುಗ್ಗತಾವಂತ, ಅದೂ ವರ್ಷಗಟ್ಟಲೆ ನಿಧಾನಕ್ಕ. ನಿಮ್ಮ ಶಹಾಪುರ ಕಡಿ ಕಾಲುವಿ ತುದೀ ಹೊಲಕ್ಕ ನೀರು ಮುಟ್ಟಂಗಿಲ್ಲ ನೋಡು, ಹಂಗ. ಕೆಳಗಿನ ದವಡಿ ಎಲುಬಿಗಿ ಮೊದಲೇ ರಕ್ತ ಕಮ್ಮಿ. ಸುಮ್ನ ಇದ್ದಾಗ ಹೆಂಗೋ ಬದುಕಿರ್ತದ, ಹಲ್ಲು ಕಿತ್ತು ಗಾಯ ಮಾಡಿದ್ರ ಮಾಯಸೋ ಶಕ್ತಿ ಇರಂಗಿಲ್ಲ, ಎಲುಬೇ ಸಾಯ್ತದ. ಈ ಅಪಾಯ ಒಂದೆರಡು ವರ್ಷಕ್ಕ ಹೋಗಂಗಿಲ್ಲ, ಜೀವ ಇರೋತನಕ ಇರ್ತದ. ನನಗ ಗುಳಿಗಿ ಕೊಟ್ಟು, ಸತ್ತ ಎಲುಬಿನ ಚೂರು ತೆಗದು ಸ್ವಚ್ಛ ಮಾಡಿ, ಮಾಯ್ಲಿಕ್ಕ ದೀಡ್ ವರ್ಷ ಹಿಡೀತು.

ತಡಿ, ನೀರು ಕುಡೀತೀನಿ.

ಹಾಂ. ಹಂಗಂತ ಹಲ್ಲುನೋವು ತಡಕೊಂಡು ಕುಂದರ್ರಿ ಅನ್ನಲತ್ತಿಲ್ಲ. ಅವರ ಫೈಲಿನಾಗ ಎಷ್ಟು ಗ್ರೇ, ಅಂದ್ರ ಎಷ್ಟು ಅಳತಿ ಕರೆಂಟ್ ಕೊಟ್ಟಾರ, ಯಾವ ಕಡಿ ಕೊಟ್ಟಾರ ಅಂತ ಬರದ ಚೀಟಿ ಇರ್ತದ, ಅದನ್ನ ತಗೊಂಡು ಮೊದಲು ಕರೆಂಟ್ ಕೊಟ್ಟ ಡಾಕ್ಟರಿಗಿ ತೋರಸ್ರಿ. ದವಡಿ ಎಕ್ಸರೇ ತಗೀತಾರ. ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸ್ಲಿಕ್ಕ ಬರ್ತದೇನು ನೋಡ್ತಾರ. ಕೀಳೋದೇ ಆದ್ರ ಹೆಂಗ ಕೀಳಬೇಕು ಅಂತ ಇಬ್ಬರೂ ಡಾಕ್ಟರ್ ಕೂಡಿ ಮಾತಾಡ್ಲಿ.

ಕ್ಯಾನ್ಸರ್ ತಿರುಗಿ ಬಂತೇನಕ್ಕಾ ಅಂತ ಅತ್ತಿ ನೀ. ಬಾಯಿ ಬಿಗಿಯೋದು, ಒಣಗೋದು, ಹಲ್ಲು ಹಾಳಾಗೋದು ಕರೆಂಟಿನಿಂದನೂ ಆಗ್ತಾವ. ಆದ್ರ ಅದೋ ಇದೋ ಅಂತ ಫೋನಿನಾಗ ನಾ ಹೇಳಂಗಿಲ್ಲ, ಮತ್ಯಾರೂ ಹೇಳಬಾರದು. ಎರಡು ವಾರ ದಾಟಿದ ಹುಣ್ಣು, ಕುತ್ತಿಗಿಗಿ ಹೊಸ ಗಂಟು, ರಕ್ತ, ಇಂಥಾದ್ದು ಏನರ ಇದ್ರ ಮುಚ್ಚಿಡದಂಗ ಡಾಕ್ಟರಿಗಿ ಹೇಳ್ರಿ.

ಅಣ್ಣಾ, ನೀ ಲವಂಗದ ಎಣ್ಣಿ ಹಚ್ಚು ಅಂತ ಗ್ರೂಪಿನಾಗ ಹಾಕೀದಿ. ನಿನ್ನ ಕಾಳಜಿ ನನಗ ತಿಳೀತದ, ಆದ್ರ ಕರೆಂಟ್ ಬಿದ್ದ ಬಾಯಿಗಿ ಅದು ಬೆಂಕಿ ಇಟ್ಟಂಗ ಆಗ್ತದ. ಒಂದು ಗ್ಲಾಸ್ ಉಗುರುಬೆಚ್ಚನ ನೀರಿಗಿ ಕಾಲು ಚಮಚ ಅಡಗಿ ಸೋಡಾ, ಚಿಟಿಕಿ ಉಪ್ಪು ಹಾಕಿ ಮುಕ್ಕಳಿಸಿ ಉಗುಳಿದ್ರ ಸಾಕು. ನಾ ಊಟ ಆದ ಮ್ಯಾಲ ಪ್ರತಿಸಲ ಮಾಡ್ತೀನಿ. ಜೊಲ್ಲು ಇಲ್ಲಂದ್ರ ಹಲ್ಲು ಕಾಯೋರು ಇಲ್ಲ, ಅದಕ್ಕ ನನಗ ಫ್ಲೋರೈಡ್ ಪೇಸ್ಟೂ ಬರದು ಕೊಟ್ಟಾರ.

ಬಾಯಿ ತೆರಿಯೋದಕ್ಕ ನನಗ ಐಸ್‌ಕ್ರೀಮ್ ಕಡ್ಡಿ ಒಂದರ ಮ್ಯಾಲ ಒಂದು ಇಟ್ಟು ಹಲ್ಲಿನ ನಡುವ ಹಿಡಿಯೋದು ಕಲಿಸಿದ್ರು. ತಿಂಗಳಿಗಿ ಒಂದೋ ಎರಡೋ ಕಡ್ಡಿ ಹೆಚ್ಚಾಗತಿತ್ತು. ನಿಮ್ಮ ಮನಿಯವರಿಗಿ ಈಗ ದವಡಿ ಎಲುಬು ನೋಯಲತ್ತದ, ಡಾಕ್ಟರ್ ನೋಡೋತನಕ ಜೋರು ಮಾಡಿ ತೆರಸಬ್ಯಾಡ.

ಇನ್ನೊಂದು. ಅವರು ನಿಮ್ಮ ಕೂಡ ಕುಂತು ಉಣ್ಣಂಗಿಲ್ಲ ಅಂತ ಸಿಟ್ಟು ಮಾಡ್ಕೋಬ್ಯಾಡ. ಜಾತ್ರಿಗಿ ಮನಿತುಂಬ ಮಂದಿ ಬಂದಾಗ ನಾನೂ ಅಡಗಿಮನ್ಯಾಗ ಗೋಡಿ ಕಡಿ ಮಾರಿ ಮಾಡಿ ಉಂಡೀನಿ. ಎಲ್ಲಾರೂ ಕೈ ತೊಳದ್ರೂ ನನ್ನ ಗಂಗಾಳದಾಗ ಅರ್ಧ ರೊಟ್ಟಿ ಹಂಗೇ ಇರತಿತ್ತು. "ಇನ್ನೂ ಆಗಲಿಲ್ಲೇನು" ಅಂತ ಪ್ರೀತಿಲೇ ಕೇಳಿದ್ರೂ ಗಂಟಲಾಗಿನ ತುತ್ತು ಅಲ್ಲೇ ನಿಲ್ತಿತ್ತು. ಅವರಿಗಿ ಅರ್ಧ ತಾಸು ಮೊದಲೇ ಬಡಿಸು, ನೀನೂ ಬಾಜೂಕ ಕುಂದರು. ರೊಟ್ಟಿ ಸಣ್ಣಗ ಮುರದು ಬ್ಯಾಳಿ ಸಾರಿನಾಗ ನೆನಸು, ಖಾರ ಹಾಕಬ್ಯಾಡ. ಮಜ್ಜಿಗಿ ಬೆರಸಿದ ಅಂಬಲಿ ಸರಾಗ ಇಳೀತದ. ನೀರು ಕುಡಿಯೋ ಮುಂದ ಕೆಮ್ಮು ಬಂದ್ರ ಗಡಿಬಿಡಿ ಮಾಡಿದ್ದಕ್ಕ ಬಂತು ಅನ್ನಬ್ಯಾಡ. ಗಂಟಲದ ಸ್ನಾಯು ಬಿಗದು ನೀರು ಶ್ವಾಸದ ಕಡಿ ಹೋಗ್ತಿರಬಹುದು, ಅದನ್ನೂ ಡಾಕ್ಟರಿಗಿ ಹೇಳಬೇಕು.

ದಿನಾ ಮಲಗೇ ಇರ್ತಾರ ಅಂದ್ಯಲ್ಲ, ಥೈರಾಯ್ಡ್ ಟೆಸ್ಟ್ ಮಾಡಸೀರೇನು? ಕುತ್ತಿಗಿಗಿ ಕರೆಂಟ್ ಬಿದ್ರ ವರ್ಷಗಳ ಮ್ಯಾಲ ಥೈರಾಯ್ಡ್ ಕಮ್ಮಿ ಆಗಬಹುದು. ನನಗ ಆರು ತಿಂಗಳಿಗೊಮ್ಮಿ ಟಿಎಸ್‌ಎಚ್ ಅನ್ನೋ ಥೈರಾಯ್ಡಿನ ರಕ್ತ ಟೆಸ್ಟ್ ನೋಡ್ತಾರ, ಗುಳಿಗಿ ಸುರು ಆದ ಮ್ಯಾಲ ಎದ್ದು ಓಡಾಡಲತ್ತೀನಿ.

ಮತ್ತ ಗುಟ್ಕಾ ಖರೇ ಬಿಟ್ಟಾರೇನು? ಬೈಲಿಕ್ಕಲ್ಲ ಕೇಳಲತ್ತಿದ್ದು. ತಂಬಾಕ ಇದ್ರ ಆ ಎಲುಬಿನ ಗಾಯ ಮಾಯೋದು ಇನ್ನೂ ಕಷ್ಟ. ನಾನೂ ಕಡ್ಡಿಪುಡಿ ಬಿಟ್ಟಾಕಿನೇ, ಅದರ ಸೆಳೆತ ನನಗ ಗೊತ್ತದ. ನನ್ನ ಕೂಡ ಒಮ್ಮಿ ಮಾತಾಡಸು ಅವರನ್ನ.

ಸೋಮವಾರ ಮುಂಜಾನಿ ಮೊದಲ ಬಸ್ಸಿಗಿ ಹತ್ರಿ. ಬಸ್‌ಸ್ಟ್ಯಾಂಡಿಗಿ ಮಗನ್ನ ಕಳಸ್ತೀನಿ, ಡಾಕ್ಟರ್ ಕಡಿ ನಾನೇ ಕರ್ಕೊಂಡು ಹೋಗ್ತೀನಿ. ರಾತ್ರಿ ನೋವು ಹೆಚ್ಚಾದ್ರ, ಮಾರಿ ಬಾತು ಜ್ವರ ಬಂದ್ರ ಸೋಮವಾರದತನಕ ಕಾಯಬ್ಯಾಡ್ರಿ, ಆಗಿಂದಾಗ ದವಾಖಾನಿಗಿ ಹೋಗಿ ಕರೆಂಟ್ ಕೊಟ್ಟಿದ್ದು ಮೊದಲು ಹೇಳ್ರಿ. ಟ್ರಂಕಿನಾಗ ಆ ಫೈಲ್ ಅದ ಏನು ಈಗೇ ನೋಡಿ ಹೇಳು, ನಾ ಎಚ್ಚರ ಇದ್ದೀನಿ.