ಹಿತ್ತಲದಾಗ ಹಕ್ಕಿ ಎಣಿಸೋದು ಹೆಂಗ್ರಿ, ಅವೇ ಹಕ್ಕಿ ಮತ್ತ ಮತ್ತ ಬಂದ್ರ?

ಗುಮ್ಮಟದೂರಿನಾಕಿ, ವಿಜಯಪುರ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನಿ ಹಿತ್ತಲದಾಗ ಒಂದು ಬೇವಿನ ಗಿಡ, ನುಗ್ಗಿ, ಕರಿಬೇವು, ಕಂಪೌಂಡ್ ಗುಂಟ ದಾಸವಾಳ ಅವ. ಫೆಬ್ರುವರಿದಾಗ ನಾಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಜನಾ ತಮ್ಮ ಸುತ್ತಮುತ್ತಲಿನ ಹಕ್ಕಿ ಎಣಿಸೋದು ನಡೀತದಲ್ರಿ, ಈ ಸಲ ನಾನೂ ಮಗಳೂ ಕೂಡಿ ಮಾಡೂಣು ಅಂತ ಹಕ್ಕಿ ಲೆಕ್ಕ ಬರದು ಕಳಸೋ ಇ-ಬರ್ಡ್ ಆ್ಯಪ್ ಹಾಕ್ಕೊಂಡು ಈಗಿಂದನ ರೂಢಿ ಮಾಡ್ಕೊಳ್ಳಿಕತ್ತೀವಿ. ಅಲ್ಲೇ ಡೌಟ್ ಬಂತು. ಮೊದಲ ನಾಕು ಗುಬ್ಬಿ ಬಂದ್ವು, ಹಾರಿ ಹೋದ್ವು, ಸ್ವಲ್ಪ ಹೊತ್ತು ಬಿಟ್ಟು ಆರು ಬಂದ್ವು, ಆಮ್ಯಾಲ ಮತ್ತ ಮೂರು. ಮಗಳು ಹದಿಮೂರು ಬರಿ ಅಂತಾಳ, ನಾ ಆರು ಅಂತೀನಿ. ಯಾವ್ದು ಬರೀಬೇಕ್ರಿ?

ಇನ್ನೊಂದು. ನಮ್ಮಲ್ಲಿ ಬರೋದು ಕಾಗಿ, ಗೊರವಂಕ, ಪಾರಿವಾಳ, ಬೆಳವ, ಗುಬ್ಬಿ, ಇಷ್ಟ. ಬಾಜೂ ಮನಿಯವ್ರು ಇವನ್ನೇನ್ ಎಣಿಸ್ತೀರಿ, ಆಲಮಟ್ಟಿ ಹಿನ್ನೀರಿಗೆ ಹೋಗ್ರಿ ಫ್ಲೆಮಿಂಗೋ ಸಿಗ್ತಾವ ಅಂತಾರ. ದಿನಾ ಕಾಣೋ ಹಕ್ಕಿ ಲೆಕ್ಕ ಕೊಟ್ರ ಖರೇನ ಯಾರಿಗರ ಉಪಯೋಗ ಆಗ್ತದೇನ್ರಿ?

ನವನಗರ ಬಾಗಲಕೋಟಿ:
ಅಕ್ಕಾರ, ನೀವು ಹೇಳಿದ್ದ ಬರೋಬ್ಬರಿ ಐತಿ, ಆರು ಬರೀರಿ. ಹಿತ್ತಲದಾಗ ಒಂದ ಕಡೆ ಕೂತು ಎಣಿಸುವಾಗ ಒಂದೇ ಸಲಕ್ಕ ಕಣ್ಣಿಗೆ ಬಿದ್ದದ್ರಾಗ ಯಾವ್ದು ಎಲ್ಲಕ್ಕಿಂತ ದೊಡ್ಡ ಸಂಖ್ಯೆ, ಅದನ್ನ ಹಿಡೀಬೇಕು, ಯಾಕಂದ್ರ ಹೋದ ಗುಬ್ಬಿನ ತಿರುಗಿ ಬಂದಿರ್ತೈತಿ. ಬ್ರಿಟನ್ನಿನ್ಯಾಗ ಆರ್‌ಎಸ್‌ಪಿಬಿ ಅನ್ನೋ ಸಂಸ್ಥೆ 1979ರಿಂದ ಜನವರಿದಾಗ ಮನಿ ತೋಟದ ಹಕ್ಕಿ ಎಣಿಸಾಕ ಹಚ್ಚೈತಿ, ಒಂದು ತಾಸು ಕೂಡ್ರೋದು, ಅಲ್ಲೂ ಇದ ರೂಲು.

ಆದ್ರ ಬ್ಯಾರೆ ಬ್ಯಾರೆ ಹಕ್ಕಿ ಅಂತ ಗ್ಯಾರಂಟಿ ಇದ್ದಾಗ ಕೂಡಿಸಬಹುದು. ಗಂಡು ಗುಬ್ಬಿಗೆ ಗದ್ದದ ಕೆಳಗ ಕರಿ ಪಟ್ಟಿ ಇರ್ತೈತಿ, ಹೆಣ್ಣಿಗೆ ಇರಂಗಿಲ್ಲ. ಮೊದಲ ಬಂದ ನಾಕೂ ಗಂಡು, ಆಮ್ಯಾಲ ಬಂದ ಆರೂ ಹೆಣ್ಣು ಅಂತ ನೋಡಿದ್ರ ಹತ್ತು ಬರೀರಿ. ಸಂಜಿಮುಂದ ಗಿಳಿ ಗುಂಪು ಗುಂಪಾಗಿ ಒಂದ ದಿಕ್ಕಿಗೆ ಹೊಕ್ಕಾವಲ್ರಿ, ಎಂಟು, ಆಮ್ಯಾಲ ಹದಿನೈದು, ಆಮ್ಯಾಲ ಐದು, ಅವು ತಿರುಗಿ ಬರಂಗಿಲ್ಲ, ಹಂಗಾಗಿ ಅವನ್ನ ಕೂಡಿಸ್ರಿ. ಮನಿ ಮ್ಯಾಲಿಂದ ಹಾರಿ ಹೋದದ್ದೂ ಲೆಕ್ಕಕ್ಕ ಬರ್ತೈತಿ.

ಟೈಮ್ ಕನಿಷ್ಠ 15 ನಿಮಿಷ ಇರಲಿ. ಮುಂಜಾನೆ ಒಂದು ಲಿಸ್ಟು, ಸಂಜಿಗೆ ಕೂತ್ರ ಬ್ಯಾರೆ ಲಿಸ್ಟು, ಎರಡನ್ನೂ ಕಲಸಬ್ಯಾಡ್ರಿ. ಇನ್ನ ಜೋಳದ ಹೊಲದ ಮ್ಯಾಗ ಚಳಿಗಾಲದಾಗ ಗುಲಾಬಿ ಕಬ್ಬಕ್ಕಿ ಹಿಂಡು ಬಂದ್ರ ಒಂದೊಂದ ಎಣಿಸಾಕ ಆಗಂಗಿಲ್ಲ. ಹಿಂಡಿನ ಒಂದು ಮೂಲಿಯೊಳಗ ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗಾ ಎಷ್ಟು ಸಲ ಕೂಡ್ತೈತಿ ಅಂತ ಕಣ್ಣಳತಿ ಮಾಡ್ರಿ. ಆ್ಯಪಿನ್ಯಾಗ ಸಂಖ್ಯೆ ಬದಲಿ ಬರೇ ಎಕ್ಸ್, ಅಂದ್ರ ಹಕ್ಕಿ ಕಂಡೈತಿ ಅಂತಷ್ಟ, ಹಾಕಾಕೂ ಬರ್ತೈತಿ, ಆದ್ರ ಅಂದಾಜಿನ ನಂಬರ್ ಇದ್ರ ಅದ ಛಲೋ.

ಧೂಪದಾಳ ದಂಡಿ:
ಆರು ಅನ್ನೋದು ನನಗೇನೋ ಭಾಳ ಕಮ್ಮಿ ಆತು ಅನಸ್ತೈತ್ರಿ. ನಮ್ಮ ಘಟಪ್ರಭಾ ಪಕ್ಷಿಧಾಮದ ಕಡೆ ಚಳಿಗಾಲದಾಗ ಬರೋ ಕ್ರೌಂಚ ಆದ್ರ ಬಯಲಾಗ ನಿಂತಿರ್ತಾವ, ಎಲ್ಲಾ ಒಮ್ಮೆಗೇ ಕಾಣ್ತಾವ. ಗಿಡದೊಳಗ ಹೊಕ್ಕ ಗುಬ್ಬಿ ಎಷ್ಟು ಅಂತ ಯಾರಿಗೆ ಗೊತ್ತು, ಹತ್ತೂ ಇರಬಹುದಲ್ಲ.

ನವನಗರ ಬಾಗಲಕೋಟಿ:
ಇರಬಹುದ್ರಿ ಅಣ್ಣಾರ, ಆದ್ರ ಕಂಡದ್ದು ಆರು. ವರ್ಷಾ ಇದ ಕಟ್ಟಿ ಮ್ಯಾಲ ಕೂತು ಇದ ರೂಲಿನ್ಯಾಗ ಎಣಿಸಿದ್ರ ಹೆಚ್ಚಾತೋ ಕಮ್ಮಿ ಆತೋ ತಿಳೀತೈತಿ. ಒಂದು ವರ್ಷ ಕೂಡಿಸಿ ಇನ್ನೊಂದು ವರ್ಷ ಬಿಟ್ರ ಹೋಲಿಸಾಕ ಏನೂ ಉಳಿಯಂಗಿಲ್ಲ.

ಟಿಳಕವಾಡಿ, ಬೆಳಗಾವಿ:
ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ, ಯಾಕಂದ್ರ ಈ ಮಾತು ಭಾಳ ಕಡೆ ಕೇಳೀನಿ, ಪ್ರತಿ ಸಲ ಹೊಟ್ಟಿ ಉರೀತೈತಿ. ಫ್ಲೆಮಿಂಗೋ ನೋಡಾಕ ಕ್ಯಾಮೆರಾ ಹಿಡಕೊಂಡು ಹೋಗೋರು ಅದಾರ, ನಿಮ್ಮ ಓಣಿ ಗೊರವಂಕ ಎಣಿಸೋರು ಯಾರೂ ಇಲ್ಲ. 2023ರ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್, ಅಂದ್ರ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ, ತಗದು ನೋಡ್ರಿ, 942 ಜಾತಿ ಹಕ್ಕಿದು ಲೆಕ್ಕ ಐತಿ, ಅದಕ್ಕ ಮಾಹಿತಿ ಕೊಟ್ಟಾವ್ರು ಸುಮಾರು 30 ಸಾವಿರ ಮಂದಿ, ನಿಮ್ಮ ನನ್ನಂಥಾವ್ರ ಭಾಳ. ಪಾರಿವಾಳ, ಕೋಗಿಲ, ನವಿಲು ಹೆಚ್ಚಾಗ್ಯಾವ ಅಂತ ಅದರಿಂದನ ತಿಳೀತು. ಕರೆಂಟ್ ವೈರಿನ ಮ್ಯಾಲ ಕೂಡ್ರೋ ನೀಲಕಂಠ, ನಮ್ಮ ರಾಜ್ಯದ ಹಕ್ಕಿ, ಅದನ್ನ ಎಲ್ಲಾರೂ ಇದ್ದದ್ದ ಅಂದ್ಕೊಂಡಿದ್ವಿ, ಅದು ಕಮ್ಮಿ ಆಗಾಕತ್ತೈತಿ ಅಂತನೂ ಅಲ್ಲೇ ಬಂತು.

ಹೆಂಗ ತಿಳೀತಂದ್ರ, ಲೆಕ್ಕ ಹಾಕೋರು ನೂರು ಲಿಸ್ಟು ತಗೊಂಡ್ರ ಎಷ್ಟರಾಗ ನೀಲಕಂಠ ಐತಿ ಅಂತ ನೋಡ್ತಾರ. ನೀಲಕಂಠ ಇಲ್ಲದ ನಿಮ್ಮ ಲಿಸ್ಟೂ ಆ ನೂರರಾಗ ಒಂದು. ಅದಕ್ಕ ಕೊನಿಗೆ ಆ್ಯಪು ಗುರುತು ಹಿಡಿದ ಎಲ್ಲಾ ಹಕ್ಕಿ ಬರದೀರೇನು ಅಂತ ಕೇಳ್ತೈತಲ್ಲ, ಅಲ್ಲಿ ಎಸ್ ಒತ್ತಬೇಕಂದ್ರ ಕಾಗಿ ಸುದ್ದಾ ಬರದಿರಬೇಕು. ಕಾಗಿ ಬಿಟ್ಟು ಚಂದಂದು ಅಷ್ಟ ಬರದ್ರ ಲಿಸ್ಟು ಅರ್ಧಮರ್ಧ ಆತು.

ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ತೋರಸ್ತೈತಿ, ಕಲಿಯಾಕ ಭಾಳ ಛಲೋ. ಆದ್ರ ಅದು ತೋರಿಸಿದ್ದನ್ನೆಲ್ಲಾ ಹಂಗ ಲಿಸ್ಟಿಗೆ ಹಾಕಬ್ಯಾಡ್ರಿ, ನೀವ ಕಂಡಿರಬೇಕು ಇಲ್ಲಾ ದನಿ ನಿಮಗ ಗೊತ್ತಿರಬೇಕು.

ಧೂಪದಾಳ ದಂಡಿ:
ಅಕ್ಕಾರ, ಹಕ್ಕಿ ಕಮ್ಮಿ ಬರ್ತಾವ ಅಂದ್ರ ಕಾಳಿಗಿಂತ ಮೊದಲ ನೀರು ಇಡ್ರಿ, ವಿಜಯಪುರದ ಬಿಸಲಾಗ ನೀರ ದೊಡ್ಡದು. ಅಗಲ ಬಾಯಿದು ಮಣ್ಣಿನ ತಟ್ಟಿ, ಎರಡು ಇಂಚಿಗಿಂತ ಆಳ ಬ್ಯಾಡ, ನಡಕ ಒಂದು ಕಲ್ಲು. ದಿನಾ ಚೆಲ್ಲಿ ತಿಕ್ಕಿ ಹೊಸಾ ನೀರು ಹಾಕ್ರಿ, ಇಲ್ಲಾಂದ್ರ ಸೊಳ್ಳಿ ಆಗ್ತಾವ, ರೋಗನೂ ಹಬ್ಬತಾವ. ಬೆಕ್ಕು ಅಡಗಿ ಕೂಡ್ರೋ ಜಾಗಾದಿಂದ ದೂರ ಇಡ್ರಿ. ಕಾಳು ಚೆಲ್ಲಿದ್ರ ಪಾರಿವಾಳ ಬಂದು ಎಲ್ಲಾ ಖಾಲಿ ಮಾಡ್ತಾವ, ಅದರ ಬದಲಿ ಜೋಳದ ತೆನಿ ಕಟ್ಟಿ ತೂಗಹಾಕ್ರಿ, ಗುಬ್ಬಿ ಜೋತುಬಿದ್ದು ತಿಂತಾವ. ಮತ್ತ ಔಷಧ ಹೊಡೀಬ್ಯಾಡ್ರಿ, ಗುಬ್ಬಿ ಮರಿಗೆ ಮೊದಲಿಗೆ ಹುಳಾನ ಬೇಕು, ಕಾಳು ನಡೆಯಂಗಿಲ್ಲ.

ಗುಮ್ಮಟದೂರಿನಾಕಿ, ವಿಜಯಪುರ:
ಭಾಳ ಉಪಕಾರ ಆತ್ರಿ ಎಲ್ಲಾರದೂ. ಮಗಳಿಗೆ ಗಿಳಿ ಲೆಕ್ಕ ಓದಿ ಹೇಳ್ದೆ, ಈಗ ಸಂಜಿಗಿ ಮಾಳಗಿ ಮ್ಯಾಲ ಕೂಡ್ರಬೇಕಂತ. ಇನ್ನೊಂದು ಕೇಳ್ತೀನಿ. ದಾಸವಾಳದಾಗ ಒಂದು ಸಣ್ಣ ಹಕ್ಕಿ, ಬಾಲ ಯಾವತ್ತೂ ನೆಟ್ಟಗ ನಿಂತಿರ್ತದ, ಎರಡು ಎಲಿ ಕೂಡಿಸಿ ಹೊಲದ ಗೂಡೂ ಅದ. ಸಿಂಪಿಗ ಅಂತ ಬರದುಬಿಡ್ಲೇನ್ರಿ?

ಟಿಳಕವಾಡಿ, ಬೆಳಗಾವಿ:
ಗೂಡು ನೋಡಿ ಹೇಳಬ್ಯಾಡ್ರಿ, ಆಶಿ ಪ್ರಿನಿಯಾ ಅನ್ನೋ ಇನ್ನೊಂದು ಸಣ್ಣ ಹಕ್ಕಿನೂ ಎಲಿ ಹೊಲೀತೈತಿ. ಬಣ್ಣ ನೋಡ್ರಿ. ನೆತ್ತಿ ಇಟ್ಟಂಗಿ ಬಣ್ಣ, ಬೆನ್ನು ಹಸಿರು ಮಿಶ್ರ, ಹೊಟ್ಟಿ ಬೆಳ್ಳಗ ಇದ್ರ ಸಿಂಪಿಗ. ಬೆನ್ನು ಬೂದಿ ಬಣ್ಣ, ಹೊಟ್ಟಿ ತಿಳಿ ಕೇಸರಿ ಇದ್ರ ಪ್ರಿನಿಯಾ, ಅದು ಹಾರುವಾಗ ಚಟ್ ಚಟ್ ಅಂತ ಕಿಡಿ ಸಿಡಿದಂಗ ಸಪ್ಪಳ ಮಾಡ್ತೈತಿ. ಗೂಡಿನ ಹತ್ರ ಹೋಗಿ ಎಲಿ ಸರಿಸಿ ಫೋಟೊ ಮಾತ್ರ ತಗೀಬ್ಯಾಡ್ರಿ, ತಾಯಿ ಗೂಡು ಬಿಟ್ಟು ಹೋಗಬಹುದು. ದೂರಿಂದ ನೋಡಿ, ಹಕ್ಕಿ ಹೆಸರಿನ ಮುಂದ ಬ್ರೀಡಿಂಗ್ ಕೋಡ್ ಅಂತ, ಗೂಡು ಮರಿ ಕಂಡದ್ದು ಹೇಳಾಕ, ಇ-ಬರ್ಡ್‌ನ್ಯಾಗ ಇರ್ತೈತಿ, ಅಲ್ಲಿ ಹಾಕ್ರಿ ಸಾಕು.