ಟಾರ್ಚ್ ರಿಪೋರ್ಟಿನಲ್ಲಿ ಹರ್ಪಿಸ್ ಪಾಸಿಟಿವ್ ಅಂತಿದೆ, ಏನರ್ಥ?

ಹಾಸನದ ಮಲ್ಲಿಗೆ:
ನನಗೀಗ ನಾಲ್ಕು ತಿಂಗಳು. ಟಾರ್ಚ್ ಟೆಸ್ಟ್ (ಗರ್ಭಿಣಿಯರಲ್ಲಿ ಮಗುವಿಗೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳ ರಕ್ತಪರೀಕ್ಷೆ) ಮಾಡಿಸಿದೆವು. ಬೇರೆಲ್ಲ ಸರಿಯಿದೆ. ಆದರೆ ಎಚ್‌ಎಸ್‌ವಿ 1+2 (ಹರ್ಪಿಸ್ ವೈರಸ್ಸಿನ ಎರಡು ಟೈಪ್) ಐಜಿಎಂ 1.24, ದಪ್ಪಕ್ಷರದಲ್ಲಿ ‘ಪಾಸಿಟಿವ್’. ಪಕ್ಕದಲ್ಲಿ 0.9ಕ್ಕಿಂತ ಕಡಿಮೆಯಾದರೆ ನೆಗೆಟಿವ್, 1.1 ದಾಟಿದರೆ ಪಾಸಿಟಿವ್ ಅಂತಿದೆ. ಅದರ ಕೆಳಗೆ ಐಜಿಜಿ 1+2 ಕೂಡ ಪಾಸಿಟಿವ್! ನಮ್ಮಿಬ್ಬರಿಗೂ ಕೆಳಗಡೆ ಯಾವತ್ತೂ ಹುಣ್ಣು, ಗುಳ್ಳೆ ಆಗಿಲ್ಲ. ಚಿಕ್ಕವಳಿದ್ದಾಗ ಜ್ವರ ಬಿಟ್ಟ ಮೇಲೆ ತುಟಿ ಅಂಚಲ್ಲಿ ಗುಳ್ಳೆ ಏಳುತ್ತಿತ್ತು, ಅಷ್ಟೇ. ರಿಪೋರ್ಟ್ ಹೋಗಿದ್ದು ಯಜಮಾನರ ವಾಟ್ಸಾಪ್‌ಗೆ. ಗೂಗಲ್ ಮಾಡಿ, ಲೈಂಗಿಕವಾಗಿ ಅಂಟುವ ರೋಗ ಅಂತ ಓದಿದವರು ನಿನ್ನೆಯಿಂದ ಮುಖ ಕೊಟ್ಟು ಮಾತಾಡುತ್ತಿಲ್ಲ. ಡಾಕ್ಟರ್ ಸಿಗುವುದು ಸೋಮವಾರ.

ಸೀರಂ ಸಾಮಿ:
ಮೇಡಂ, ನಾನು ಲ್ಯಾಬ್ ಟೆಕ್ನೀಷಿಯನ್. ಇಂಥ ರಿಪೋರ್ಟ್ ದಿನಾ ನೋಡುತ್ತೇನೆ. ಐಜಿಎಂ, ಐಜಿಜಿ ಎರಡೂ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಐಜಿಎಂ ಸಾಮಾನ್ಯವಾಗಿ ಮೊದಲು ಬರುವಂಥದ್ದು, ಐಜಿಜಿ ಆಮೇಲೆ ಬಂದು ಉಳಿಯುವಂಥದ್ದು. ಮೊದಲು ಆ ಐಜಿಎಂ ಪಕ್ಕಕ್ಕಿಡಿ. ಸೋಂಕು ಹೊಸದು ಅಂತ ಅದು ಸಾಬೀತು ಮಾಡುವುದಿಲ್ಲ. ಹಳೆಯದು ಕೆರಳಿದಾಗಲೂ ಬರುತ್ತದೆ, ಏನೂ ಇಲ್ಲದೆಯೂ ಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹರ್ಪಿಸ್‌ಗೆ ಈ ಟೆಸ್ಟೇ ಬೇಡ ಅನ್ನುತ್ತದೆ. ನಮ್ಮಲ್ಲಿ ಪ್ಯಾಕೇಜಿನಲ್ಲಿ ಸೇರಿಸಿಬಿಡುತ್ತಾರೆ, ಏನ್ಮಾಡೋದು.

ಇನ್ನು ಐಜಿಜಿ. ‘1+2’ ಅಂದರೆ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಅಳೆದ ಹಾಗೆ. ಯಾವುದು ಇದೆ ಅಂತ ಗೊತ್ತಾಗಲ್ಲ. ಟೈಪ್ 1 ಹೆಚ್ಚಾಗಿ ತುಟಿಯದು, ಸುಮಾರು ಜನರಿಗೆ ಚಿಕ್ಕಂದಿನಲ್ಲೇ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ಶೇ 64ರಷ್ಟು ಜನರಿಗೆ ಇದೆ. ನಿಮ್ಮ ತುಟಿ ಗುಳ್ಳೆಯೂ ಬಹುಶಃ ಅದೇ. ಟೈಪ್ 2 (ಹೆಚ್ಚಾಗಿ ಕೆಳಗಡೆಯದು, ಲೈಂಗಿಕವಾಗಿ ಅಂಟುವುದು) ಐಜಿಜಿ ಬೇರೆಯಾಗಿ ಮಾಡಿಸಬೇಕೇ ಅಂತ ಡಾಕ್ಟರನ್ನೇ ಕೇಳಿ. ಮಾಡಿಸಿ, ಅದು 1.1ರಿಂದ 3ರ ಒಳಗೆ ಬಂದರೆ ಆಗಲೂ ನಂಬಬೇಡಿ. ಆ ಮಟ್ಟದಲ್ಲಿ ಸುಳ್ಳು ಪಾಸಿಟಿವ್ ಜಾಸ್ತಿ, ಬೇರೆ ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕು.

ಯಜಮಾನರಿಗೆ ಇದನ್ನೇ ಓದಿಸಿ. ಯಾರಿಂದ, ಯಾವಾಗ ಬಂತು ಅಂತ ಈ ರಿಪೋರ್ಟ್ ಹೇಳಲ್ಲ.

ಎರಡು ಮಕ್ಕಳ ತಾಯಿ:
ನನಗೆ ಟೈಪ್ 2 ನಿಜವಾಗಿಯೂ ಇದೆ ಕಣಮ್ಮ. ಎರಡು ಹೆರಿಗೆಯೂ ನಾರ್ಮಲ್ಲೇ. 36ನೇ ವಾರದಿಂದ ಹರ್ಪಿಸ್ ಹತ್ತಿಕ್ಕುವ ಅಸೈಕ್ಲೋವಿರ್ ಮಾತ್ರೆ ಕೊಟ್ಟರು, ನೋವು ಶುರುವಾದಾಗ ಲೈಟ್ ಹಿಡಿದು ಹುಣ್ಣು ಇದೆಯಾ ಅಂತ ನೋಡಿದರು. ಇದ್ದಿದ್ದರೆ ಸಿಸೇರಿಯನ್ ಅಂದಿದ್ದರು.

ಹಾಸನದ ಮಲ್ಲಿಗೆ:
ಥ್ಯಾಂಕ್ಸ್ ಅಕ್ಕ. ಸಾಮಿ ಸರ್, ಯಜಮಾನರಿಗೂ ಟೆಸ್ಟ್ ಬೇಕಾ?

ಸೀರಂ ಸಾಮಿ:
ಡಾಕ್ಟರ್ ಹೇಳಿದರೆ ಮಾತ್ರ. ಮಗುವಿಗೆ ಜಾಸ್ತಿ ಅಪಾಯ ತಾಯಿಗೆ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಅಂಟಿದರೆ. ಅವರಿಗೆ ಇದ್ದು ನಿಮಗೆ ಇಲ್ಲದಿದ್ದರೆ ಆ ಮೂರು ತಿಂಗಳು ದೂರ ಇರಬೇಕಾಗುತ್ತದೆ, ಅವರ ತುಟಿಯಲ್ಲಿ ಗುಳ್ಳೆ ಎದ್ದಾಗ ಮುತ್ತೂ ಬೇಡ. ಮುಂದೆ ಯಾರಿಗಾದರೂ ಗುಳ್ಳೆ ಎದ್ದರೆ ರಕ್ತ ಕೊಡಬೇಡಿ, ಒಣಗುವ ಮುಂಚೆ ಅದರದೇ ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆಸಿ, ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಿ.

ಹಾಸನದ ಮಲ್ಲಿಗೆ:
ಓದಿಸಿದೆ. ‘ನಂಗೂ ತುಟಿ ಗುಳ್ಳೆ ಆಗ್ತಿತ್ತು, ಹಾಸ್ಟೆಲ್‌ನಲ್ಲಿದ್ದಾಗ’ ಅಂದರು. ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ.