ಹಳೇ ಫ್ರಿಜ್ ಬೆವರುತ್ತಿದೆ, ಬಾಗಿಲ ರಬ್ಬರ್ ಬದಲಿಸಿದರೆ ಸಾಕಾ?

ಪ್ರಶ್ನೆ
1950ರ ದಶಕದ ಫ್ರಿಜ್, ದುಂಡು ಮೂಲೆ, ಚಿಲಕದ ಹಿಡಿ. ತಂಪಾಗುತ್ತದೆ, ಆದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಬಾಗಿಲ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಹೊರ ತಗಡು ಕೆಳಗಡೆ ಬೆವರುತ್ತದೆ, ಒಳಗೆ ಮುಗ್ಗಲು ವಾಸನೆ. ಈಗಿನ ಮ್ಯಾಗ್ನೆಟ್ ರಬ್ಬರ್ ಹಾಕಿ, ಗೋಡೆಯೊಳಗೆ ಸ್ಪ್ರೇ ಫೋಮ್ ತುಂಬಿಸಿಬಿಡೋಣ ಅಂತಿದ್ದೇನೆ. ಸರಿಯಾ?

ಉತ್ತರ 1
ಫೋಮ್ ಡಬ್ಬ ಪಕ್ಕಕ್ಕಿಡಿ ಸರ್. ಅದು ಉಬ್ಬುವಾಗ ಒಳತೊಟ್ಟಿಯನ್ನೇ (ಸಾಮಾನು ಇಡುವ ಒಳಪೆಟ್ಟಿಗೆ) ತಳ್ಳಿ ಸೊಟ್ಟ ಮಾಡುತ್ತದೆ. ಗ್ಯಾಸ್ ಪೈಪು ಅದರೊಳಗೆ ಹೂತುಹೋದರೆ ಮುಂದೆ ರಿಪೇರಿ ಮಾಡುವವರು ನಿಮ್ಮನ್ನು ಬೈಯುತ್ತಾರೆ.

ಬೆವರು, ವಾಸನೆ ಎರಡೂ ಇವೆ ಅಂದರೆ ಗೋಡೆಯೊಳಗೆ ಶಾಖ ತಡೆಯಲು ತುಂಬಿದ ಗ್ಲಾಸ್‌ವೂಲ್ (ಗಾಜಿನ ನಾರು) ಕೆಳಗಡೆ ನೀರು ಕುಡಿದಿದೆ. ಹೊರಗಿನ ಗಾಳಿಯ ತೇವ ಸಂದಿಯಲ್ಲಿ ನುಗ್ಗಿ, ತಣ್ಣಗಿನ ಒಳಗೋಡೆ ಹತ್ತಿರ ನೀರಾಗಿ ಇಳಿಯುತ್ತದೆ. ಒದ್ದೆ ಗ್ಲಾಸ್‌ವೂಲ್ ಶಾಖ ತಡೆಯುವುದಿಲ್ಲ, ಅದಕ್ಕೇ ಕಂಪ್ರೆಸರ್‌ಗೆ ಬಿಡುವಿಲ್ಲ. ಆ ಕಾಲದಲ್ಲಿ ಹೊರ ತಗಡಿನ ಜೋಡಣೆಗಳಿಗೆ ಟಾರಿನಂಥ ಅಂಟು ಬಳಿಯುತ್ತಿದ್ದರು. ಅದು ಒಣಗಿ ಸೀಳಿರುತ್ತದೆ. ನಿಜವಾದ ಕೆಲಸ ಅಲ್ಲೇ ಇರುವುದು: ತೇವ ತಡೆ ಹೊರ ತಗಡಿನ ಕಡೆಗೇ ಬರಬೇಕು. ಒಳತೊಟ್ಟಿಗೆ ಪ್ಲಾಸ್ಟಿಕ್ ಸುತ್ತಿದರೆ ನೀರು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವಾಗ ತೊಟ್ಟಿಗೂ ತಗಡಿಗೂ ನಡುವಿನ ಪ್ಲಾಸ್ಟಿಕ್ ಪಟ್ಟಿಗಳ ಬಗ್ಗೆ ಜೋಪಾನ. ತಣ್ಣಗಿದ್ದಾಗ ಎಬ್ಬಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಮಾಡಿ, ಒಂದು ತುದಿಯಿಂದ ಬಾಗಿಸುತ್ತಾ ತೆಗೆಯಿರಿ. ತೊಟ್ಟಿ ಎಳೆಯುವಾಗ ಸಣ್ಣ ತಾಮ್ರದ ಪೈಪು ಮಡಚಿದರೆ ಆಟ ಮುಗಿಯಿತು. ಮಾಸ್ಕು, ಗ್ಲೌಸು ಬೇಕೇ ಬೇಕು. ಗ್ಲಾಸ್‌ವೂಲ್ ಅಲ್ಲದ ಬೂದು ನಾರು ಕಂಡರೆ ಕೀಳಬೇಡಿ, ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಇರಬಹುದು, ಮೊದಲು ಪರೀಕ್ಷೆ ಮಾಡಿಸಿ.

ಇದನ್ನು ಓದುವ ಬೇರೆಯವರಿಗೆ: ನಿಮ್ಮದು 1930ರ ದಶಕದ್ದಾದರೆ ಗ್ಯಾಸು ಸಲ್ಫರ್ ಡೈಆಕ್ಸೈಡ್ ಆಗಿರಬಹುದು. ಸೋರಿದರೆ ಉಸಿರುಕಟ್ಟುತ್ತದೆ. ಪೈಪಿನ ತಂಟೆಗೆ ಹೋಗಬೇಡಿ.

ಉತ್ತರ 2
ರಬ್ಬರ್ ಬಗ್ಗೆ ನಾನು ಹೇಳುತ್ತೇನೆ. ಮ್ಯಾಗ್ನೆಟ್ ಬೇಡ. ಒಳಗೆ ಸಿಕ್ಕಿದ ಮಕ್ಕಳು ತಳ್ಳಿ ಹೊರಬರುವಂತಿರಬೇಕು ಅಂತ ಅಮೆರಿಕದಲ್ಲಿ 1956ರಲ್ಲಿ ಕಾನೂನು ಬಂತು, 1958ರಿಂದ ಜಾರಿಯಾಯಿತು. ಮ್ಯಾಗ್ನೆಟ್ ಬಾಗಿಲು ಹರಡಿದ್ದು ಆಮೇಲೆ. ನಿಮ್ಮದರಲ್ಲಿ ಚಿಲಕ ಎಳೆದು ಟೊಳ್ಳು ರಬ್ಬರನ್ನು ಅದುಮುತ್ತದೆ. ಅಂಥದ್ದೇ ಬೇಕು.

ಹಳೇ ರಬ್ಬರ್ ಅಳೆಯಬೇಡಿ, ಅದು ಚಪ್ಪಟೆಯಾಗಿದೆ. ಅದನ್ನು ತೆಗೆದು, ಜೇಡಿಮಣ್ಣಿನ ಉಂಡೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸುತ್ತಲೂ ಅಂಟಿಸಿ ಬಾಗಿಲು ಹಾಕಿ. ಚಿಲಕ ಬಿದ್ದ ಮೇಲೆ ತೆರೆದು, ಉಂಡೆ ಎಷ್ಟು ದಪ್ಪ ಉಳಿದಿದೆ ನೋಡಿ. ರಬ್ಬರ್ ಅದಕ್ಕಿಂತ ಸ್ವಲ್ಪ ದಪ್ಪ ಇರಲಿ. ತೀರಾ ದಪ್ಪ ಆದರೆ ಹಿಂಜ್ ಕಡೆ ಒತ್ತಿ, ಹಿಡಿಯ ಕಡೆ ಬಾಯಿ ಬಿಡುತ್ತದೆ.

ರಬ್ಬರ್ ಹಿಡಿದಿರುವ ಸ್ಕ್ರೂಗಳೇ ಸಾಮಾನ್ಯವಾಗಿ ಬಾಗಿಲಿನ ಆಕಾರವನ್ನೂ ಹಿಡಿದಿರುತ್ತವೆ. ಎಲ್ಲವನ್ನೂ ಸಡಿಲವಾಗಿ ಹಾಕಿ, ಬಾಗಿಲನ್ನು ಕೈಯಲ್ಲಿ ತಿರುಚಿ ನೇರ ಮಾಡಿ, ಆಮೇಲೆ ಬಿಗಿ ಮಾಡಿ. ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ, ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು.

ಪ್ರಶ್ನೆ ಕೇಳಿದವರು
ಬಿಚ್ಚಿದೆ. ಕೆಳಗಿನದು ಹಿಂಡಿದರೆ ನೀರು ಬರುತ್ತಿದೆ! ಒಣಗಿಸಿ ಹಾಕಬಹುದಾ?

ಉತ್ತರ 1
ಬೇಡ, ಮುದ್ದೆಗಟ್ಟಿದ್ದು ಮತ್ತೆ ಅರಳುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ಸಪಾಟು ಗೋಡೆಗೆ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್) ಫೋಮ್ ಹಲಗೆ ಕತ್ತರಿಸಿ ಕೂರಿಸಿ, ಅಷ್ಟೇ ದಪ್ಪದಲ್ಲಿ ಗ್ಲಾಸ್‌ವೂಲ್‌ಗಿಂತ ಜಾಸ್ತಿ ಶಾಖ ತಡೆಯುತ್ತದೆ. ದುಂಡು ಮೂಲೆಗೆ ಹೊಸ ಗ್ಲಾಸ್‌ವೂಲೇ ಸರಿ, ತುರುಕಬೇಡಿ. ಅದಕ್ಕೂ ಮುಂಚೆ ತಗಡು ಪೂರ್ತಿ ಒಣಗಲಿ, ತುಕ್ಕು ಉಜ್ಜಿ ಬಣ್ಣ ಹೊಡೆದು ಜೋಡಣೆಗಳಿಗೆ ಬ್ಯುಟೈಲ್ ಟೇಪ್ (ತೇವ ತಡೆಯುವ ಅಂಟು ರಬ್ಬರ್ ಪಟ್ಟಿ) ಹಾಕಿ. ಪೈಪು ಒಳಬರುವ ತೂತನ್ನು ಮರೆಯಬೇಡಿ, ಬಹಳ ಫ್ರಿಜ್‌ಗಳಲ್ಲಿ ತೇವ ನುಗ್ಗುವುದು ಅಲ್ಲಿಂದಲೇ.

ಇನ್ನೊಂದು, ಮನೆಯಲ್ಲಿ ಮಕ್ಕಳಿದ್ದರೆ ಕೆಲಸ ಮುಗಿಯುವವರೆಗೆ ಚಿಲಕ ಬಿಚ್ಚಿಡಿ.